ಹೋಸ್ಟಿಂಗ್ ಬಿಡ್ರಿ, ಡೊಮೇನ್ ಯಾರ ಇಮೇಲಿನಲ್ಲಿದೆ ಅದನ್ನ ನೋಡ್ರಿ

ಸ್ವಂತ ಡೊಮೇನ್ (ಬ್ಲಾಗಿನ ವಿಳಾಸದ ಹೆಸರು) ಇಟ್ಟು ಬ್ಲಾಗ್ ಮಾಡಬೇಕು, ಅಗ್ಗದ ಹೋಸ್ಟಿಂಗ್ (ಬರಹ ಇಡೋ ಬಾಡಿಗೆ ಜಾಗ) ಯಾವುದು ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ.

"ಸರ್, ನೀವ್ಯಾಕ ತಲಿ ಕೆಡಿಸ್ಕೋತೀರಿ, ಮೂರೂವರಿ ಸಾವಿರ ಕೊಡ್ರಿ, ಎಲ್ಲಾ ನಾ ನೋಡ್ಕೋತೀನ್ರಿ" ಅಂದ ಅಲ್ಲಿದ್ದ ಹುಡುಗ. ಕೊಟ್ಟೆ. ನಾನು ಹೈಸ್ಕೂಲ್ ಮಾಸ್ತರ. ರವಿವಾರ ಬಂದರೆ ಬೈಕ್ ಹತ್ತಿ ಮಳಖೇಡ ಕೋಟೆ, ನಾಗಾವಿ, ಸನ್ನತಿ ಅಂತ ಸುತ್ತೋದು, ರಾತ್ರಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಯೂನಿಕೋಡ್‌ಗೆ ಬದಲಾಯಿಸಿ, ಒಡೆದ ಒತ್ತಕ್ಷರ ಸರಿಮಾಡಿ ಬ್ಲಾಗಿಗೆ ಹಾಕೋದು. ಹೀಗೆ 41 ಬರಹ ಆದವು. ಮರುವರ್ಷ ಹುಡುಗ ಫೋನ್ ಮಾಡಿ ದುಡ್ಡು ಕೇಳಿದ, ಮತ್ತೆ ಕೊಟ್ಟೆ. ಇಷ್ಟು ಸಲೀಸಾಗಿದ್ದರೆ ಯಾರಿಗೆ ತಾನೇ ಅನುಮಾನ ಬರುತ್ತೆ?

ತಪ್ಪು ಎಲ್ಲಿ ಆಯ್ತು ಅಂದರೆ, ಡೊಮೇನ್ ಖಾತೆ ಆ ಹುಡುಗನ ಇಮೇಲಿನಲ್ಲಿತ್ತು. ನನ್ನದರಲ್ಲಿ ಅಲ್ಲ. ಪಾಸ್‌ವರ್ಡ್ ಅವನ ಹತ್ತಿರ, ಓಟಿಪಿ ಅವನ ಮೊಬೈಲಿಗೆ, ಮಾಲೀಕ ಅನ್ನೋ ಜಾಗದಲ್ಲಿ ಅಂಗಡಿ ಹೆಸರು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಇದು ತಿಳಿಯೋಕೆ ಎರಡು ವರ್ಷ ಹಿಡಿಯಿತು. ಡೊಮೇನ್ ಅನ್ನೋದು ಮನೆ ಕಟ್ಟೋ ಸೈಟು ಕೊಂಡ ಹಾಗಲ್ಲ, ವರ್ಷದ ಲಾವಣಿಗೆ ಹೊಲ ಮಾಡಿದ ಹಾಗೆ. ಅವಧಿ ಮುಗಿಯೋದಕ್ಕೆ ಸುಮಾರು ತಿಂಗಳ ಮುಂಚೆ ಒಮ್ಮೆ, ವಾರದ ಮುಂಚೆ ಒಮ್ಮೆ, ಮುಗಿದ ಮೇಲೂ ಒಮ್ಮೆ ಡೊಮೇನ್ ಮಾರಿದ ಕಂಪನಿ ನೆನಪಿನ ಮೇಲ್ ಕಳಿಸಬೇಕು ಅಂತ, ಡಾಟ್ ಕಾಮ್ ಥರದವನ್ನ ನೋಡಿಕೊಳ್ಳೋ ಐಕ್ಯಾನ್ ಸಂಸ್ಥೆಯ ನಿಯಮವೇ ಇದೆ. ಕಳಿಸಿರ್ತಾರೆ ಕೂಡ, ಆದರೆ ಖಾತೆ ಯಾರದೋ ಅವರಿಗೆ. ಡಾಟ್ ಕಾಮ್ ಆದರೆ ಮುಗಿದ ಮೇಲೆ ಹೆಚ್ಚೆಂದರೆ 45 ದಿನ ದುಡ್ಡು ಕಟ್ಟಿ ಮುಂದುವರಿಸೋ ಮಾಮೂಲಿ ಅವಕಾಶ, ಅದೂ ಕಂಪನಿ ಕೊಟ್ಟಷ್ಟು. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆ ದಂಡ ಡೊಮೇನ್ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಮತ್ತೆ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು.

2020ರ ಫೆಬ್ರವರಿಯಲ್ಲಿ ತಂಗಿ ಮದುವೆ. ಬಂದವರಿಗೆಲ್ಲ ಒಂದು ಬಟ್ಟೆ ಚೀಲ, ಅದರಲ್ಲಿ ಅರ್ಧ ಕೆಜಿ ತೊಗರಿಬೇಳೆ. ಚೀಲದ ಮೇಲೆ ವಧೂವರರ ಹೆಸರು, ಕೆಳಗೆ ಕೆಂಪಕ್ಷರದಲ್ಲಿ ನನ್ನ ಬ್ಲಾಗ್ ವಿಳಾಸ. ಮುನ್ನೂರು ಚೀಲ. (ವಿಳಾಸ ಹಾಕಿಸಿದ್ದು ನನ್ನದೇ ಬುದ್ಧಿ, ತಂಗಿ ಬೇಡ ಅಂದಿದ್ದಳು.) ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಅಂಗಡಿ ಮುಚ್ಚಿತು, ಹುಡುಗ ಊರು ಬಿಟ್ಟ. ಜೂನ್‌ನಲ್ಲಿ ಡೊಮೇನ್ ಮುಗಿಯಿತು. ನಾನು ಆನ್‌ಲೈನ್ ಕ್ಲಾಸಿನ ಗದ್ದಲದಲ್ಲಿ ನನ್ನ ಬ್ಲಾಗನ್ನೇ ತೆರೆದು ನೋಡಿರಲಿಲ್ಲ.

ದೀಪಾವಳಿಗೆ ಬೀಗರು ಫೋನ್ ಮಾಡಿದರು. "ಏನ್ರಿ ಮಾಸ್ತರ್ರ, ಕೋಟಿ ಬಗ್ಗಿ ಬರಿಯೋದು ಬಿಟ್ಟು ರಮ್ಮಿ ಆಡಸ್ಲಾಕತ್ತೀರೇನು?" ತೆರೆದು ನೋಡಿದೆ. ಇಸ್ಪೀಟೆಲೆ, ನಾಣ್ಯ, "ಈಗಲೇ ಆಡಿ" ಅನ್ನೋ ಹಸಿರು ಬಟನ್. ಹುಡುಗನ ನಂಬರ್ ಸ್ವಿಚ್ ಆಫ್. ಡೊಮೇನ್ ಕಂಪನಿಗೆ ಬರೆದರೆ, ಅದು ಬೇರೆಯವರ ಕೈಗೆ ಹೋಗಿದೆ, ಮೊದಲಿನ ಖಾತೆಯೂ ನಿಮ್ಮದಲ್ಲ ಅಂದರು. ನಿಯಮದ ಪ್ರಕಾರ ಅವರದ್ದೂ ತಪ್ಪಿಲ್ಲ ಅಲ್ವಾ? ಹೋಸ್ಟಿಂಗ್ ಕೂಡ ಅದೇ ಅಂಗಡಿಯದ್ದು, ಹಾಗಾಗಿ ಬರಹಗಳೂ ಹೋದವು. 26 ಬರಹಗಳ ನುಡಿ ಫೈಲುಗಳು ಪೆನ್‌ಡ್ರೈವ್‌ನಲ್ಲಿದ್ದವು. ಹಳೇ ವೆಬ್ ಪುಟಗಳನ್ನ ಕಾಪಿಡೋ ವೇಬ್ಯಾಕ್ ಮಷಿನ್‌ನಲ್ಲಿ ಹುಡುಕಿ ಇನ್ನೂ ಆರು ತೆಗೆದೆ. ಸನ್ನತಿ ಹತ್ತಿರದ ಕನಗನಹಳ್ಳಿಯ ಅಶೋಕನ ಶಿಲ್ಪದ ಬಗ್ಗೆ ಬರೆದದ್ದು ಸಿಗಲೇ ಇಲ್ಲ. ಅದರ ಮೇಲೆ "ರಾಯ ಅಸೋಕೋ" ಅಂತ ಬ್ರಾಹ್ಮಿಯಲ್ಲಿ ಕೆತ್ತಿದ ಹೆಸರು ಇನ್ನೂ ಓದೋಕೆ ಸಿಗುತ್ತೆ, ನನ್ನ ಹೆಸರು ಎರಡು ವರ್ಷದ ಮೇಲೆ ಬಾಳಲಿಲ್ಲ.

ಹಾಗಾಗಿ ಹೋಸ್ಟಿಂಗ್ ಹುಡುಕೋದೇ ಬಿಡಿ. ಬರಿ ಬರೆಯೋಕೆ ಅದು ಬೇಡವೇ ಬೇಡ. ನಾನೀಗ ಗೂಗಲ್‌ನ ಬ್ಲಾಗರ್‌ನಲ್ಲಿದ್ದೀನಿ. ಜಾಗ ಪುಕ್ಕಟೆ, ಸ್ವಂತ ಡೊಮೇನ್ ಜೋಡಿಸೋಕೂ ದುಡ್ಡಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕಸ್ಟಮ್ ಡೊಮೇನ್ ಅಂತಿದೆ, ಅಲ್ಲಿ ಡೊಮೇನನ್ನ ಬ್ಲಾಗಿಗೆ ಜೋಡಿಸೋ ಎರಡು ಸಿನೇಮ್ (CNAME) ಸಾಲು ಕೊಡ್ತಾರೆ. ಒಂದು ಎಲ್ಲರಿಗೂ ಒಂದೇ, ಇನ್ನೊಂದು ನಿಮ್ಮ ಡೊಮೇನಿಗೆ ಮಾತ್ರ. ಎರಡನ್ನೂ ಡೊಮೇನ್ ಕಂಪನಿಯ ಡಿಎನ್‌ಎಸ್ (ವಿಳಾಸ ಎಲ್ಲಿಗೆ ಹೋಗಬೇಕು ಅಂತ ಬರೆಯೋ) ಪುಟದಲ್ಲಿ ಹಾಗೇ ಅಂಟಿಸಿ ಕೆಲವು ಗಂಟೆ ಸುಮ್ನೆ ಕಾಯಿರಿ. ಆಮೇಲೆ ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ ಆನ್ ಮಾಡಿ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಪುಕ್ಕಟೆ ಪ್ಲಾನ್‌ನಲ್ಲಿ ಸ್ವಂತ ಡೊಮೇನ್ ಜೋಡಿಸೋಕೆ ಬರಲ್ಲ, ಅಲ್ಲಿ ಸಿಕ್ಕಿಕೊಳ್ಳಬೇಡಿ.

ಡೊಮೇನ್ ಮಾತ್ರ ನಿಮ್ಮದೇ ಇಮೇಲಿನಿಂದ ಕೊಳ್ಳಿ, ಅದೂ ಶಾಲೆದೋ ಆಫೀಸಿಂದೋ ಅಲ್ಲ. ಕೊಂಡ ಮೇಲೆ ಇಮೇಲ್ ಖಾತ್ರಿ ಮಾಡಿ ಅಂತ ಒಂದು ಲಿಂಕ್ ಬರುತ್ತೆ. ಡಾಟ್ ಕಾಮ್ ಥರದ್ದಾದರೆ 15 ದಿನದಲ್ಲಿ ಒತ್ತದಿದ್ದರೆ ಡೊಮೇನನ್ನೇ ನಿಲ್ಲಿಸಿಬಿಡಬಹುದು. ಮೊದಲ ವರ್ಷ 99 ರೂಪಾಯಿ ಅಂತ ಬೋರ್ಡ್ ನೋಡಿ ಖುಷಿಪಡಬೇಡಿ, ಎರಡನೇ ವರ್ಷಕ್ಕೆ ಎಷ್ಟು ಅಂತ ನೋಡಿ. ಕನ್ನಡದಲ್ಲೇ ಹೆಸರು ಬೇಕಂದರೆ ಡಾಟ್ ಭಾರತ ಇದೆ. ಆದರೆ ಕೆಲವು ಕಡೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತೆ, ನನಗಂತೂ ಹಿಡಿಸಲಿಲ್ಲ. ನಾನು ಡಾಟ್ ಇನ್ ತಗೊಂಡು ಐದು ವರ್ಷದ ದುಡ್ಡು ಒಟ್ಟಿಗೇ ಕಟ್ಟಿದೆ.

ಚೀಲ ಇನ್ನೂ ಓಡಾಡ್ತಿವೆ, ಗಟ್ಟಿ ಬಟ್ಟೆ ಹಾಕಿಸಿದ್ದೆ. ನಮ್ಮ ಅವ್ವ ಕಾಯಿಪಲ್ಲೆ ತರೋಕೆ ಅದನ್ನೇ ಒಯ್ಯುತ್ತಾಳೆ. ವಿಳಾಸದ ಮೇಲೆ ಹಳೇ ಇಳಕಲ್ ಸೀರೆಯ ತುಂಡೊಂದನ್ನ ತೇಪೆ ಹಾಕಿ ಹೊಲಿದಿದ್ದಾಳೆ.