ಓದುಗರ ಪ್ರಶ್ನೆ: ಹೆಡರ್ ಪೈಪಿನ ಉದ್ದವೆಷ್ಟು, ವ್ಯಾಸವೆಷ್ಟು?

ಪ್ರಶ್ನೆ: ನನ್ನ 1600 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಹೊಸ ಎಕ್ಸಾಸ್ಟ್ ಹೆಡರ್ ಮಾಡಿಸಬೇಕೆಂದಿದ್ದೇನೆ. ಪ್ರೈಮರಿ ಪೈಪುಗಳ ಅಳತೆಯನ್ನು ಲೆಕ್ಕ ಹಾಕುವುದು ಹೇಗೆ?

ಉತ್ತರ: ಹೆಡರ್ ಎಂದರೆ ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ದು ಒಂದುಗೂಡಿಸುವ ಪೈಪುಗಳ ಜೋಡಣೆ; ಪ್ರತಿ ಸಿಲಿಂಡರಿನಿಂದ ಹೊರಡುವ ಮೊದಲ ಪೈಪೇ ಪ್ರೈಮರಿ. ವ್ಯಾಸದಿಂದ ಆರಂಭಿಸಬೇಡಿ. ಎಂಜಿನ್ ಯಾವ ಆರ್‌ಪಿಎಂನಲ್ಲಿ ಹೆಚ್ಚು ಬಲ ಕೊಡಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಉಳಿದ ಅಳತೆಗಳೆಲ್ಲ ಅದರ ಹಿಂದೆ ಬರುತ್ತವೆ. ಎಕ್ಸಾಸ್ಟ್ ವಾಲ್ವ್ ತೆರೆದೊಡನೆ ಸಿಲಿಂಡರಿನಲ್ಲಿ ಉಳಿದಿದ್ದ ಒತ್ತಡವು ಅಲೆಯಾಗಿ ಪೈಪಿನೊಳಗೆ ನುಗ್ಗುತ್ತದೆ. ಬಿಸಿ ಅನಿಲದಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 500ರಿಂದ 600 ಮೀಟರ್; ಅನಿಲ ತಾನು ಸಾಗುವ ವೇಗ ಇದಕ್ಕಿಂತ ಬಹಳ ಕಡಿಮೆ. ಪೈಪುಗಳು ಕೂಡುವ ಕಲೆಕ್ಟರಿನಲ್ಲಿ ಜಾಗ ಒಮ್ಮೆಲೇ ಹಿಗ್ಗುವುದರಿಂದ, ಅಲೆಯ ಒಂದು ಭಾಗ ಕಡಿಮೆ ಒತ್ತಡದ ಅಲೆಯಾಗಿ ಮಾರ್ಪಟ್ಟು ವಾಲ್ವಿನತ್ತ ಹಿಂದಿರುಗುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವುಗಳೆರಡೂ ಸ್ವಲ್ಪ ಸ್ವಲ್ಪ ತೆರೆದಿರುವ ಹೊತ್ತಿನಲ್ಲಿ ಈ ತಗ್ಗಿದ ಒತ್ತಡ ಅಲ್ಲಿದ್ದರೆ, ಅದು ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಮಿಶ್ರಣವನ್ನು ಒಳಕ್ಕೆ ಕರೆತರುತ್ತದೆ.

ವರ್ಕ್‌ಶಾಪುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರ ಹೀಗಿದೆ. ಪಿಸ್ಟನ್ ತಳ ಮುಟ್ಟುವುದಕ್ಕೆ (ಕ್ರ್ಯಾಂಕಿನ ಸುತ್ತಿನ ಲೆಕ್ಕದಲ್ಲಿ) ಎಷ್ಟು ಡಿಗ್ರಿ ಮೊದಲು ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ ಎಂಬುದಕ್ಕೆ 180 ಕೂಡಿಸಿ, 21,600ರಿಂದ ಗುಣಿಸಿ, ಆರ್‌ಪಿಎಂನಿಂದ ಭಾಗಿಸಿ, ಬಂದುದರಲ್ಲಿ 76 ಕಳೆದರೆ ಉದ್ದವು ಮಿಲಿಮೀಟರಿನಲ್ಲಿ ಸಿಗುತ್ತದೆ. ನಿಮ್ಮ ಕ್ಯಾಮ್ (ವಾಲ್ವುಗಳನ್ನು ತೆರೆಯುವ ಭಾಗ) ವಾಲ್ವನ್ನು 60 ಡಿಗ್ರಿ ಮೊದಲು ತೆರೆಯುತ್ತದೆಂದೂ ನಿಮಗೆ 6000 ಆರ್‌ಪಿಎಂನಲ್ಲಿ ಬಲ ಬೇಕೆಂದೂ ಇಟ್ಟುಕೊಂಡರೆ ಭಾಗಲಬ್ಧ 864, ಉದ್ದ 788 ಮಿ.ಮೀ. ವ್ಯಾಸಕ್ಕಾಗಿ ಒಂದು ಸಿಲಿಂಡರಿನ 400 ಸಿಸಿಯನ್ನು ಅದೇ 864ರಿಂದ ಭಾಗಿಸಿ, ವರ್ಗಮೂಲ ತೆಗೆದು 54ರಿಂದ ಗುಣಿಸಿ: ಒಳವ್ಯಾಸ 36.7 ಮಿ.ಮೀ. ಇದೇ ಎಂಜಿನ್ನನ್ನು 4500 ಆರ್‌ಪಿಎಂಗೆ ಹೊಂದಿಸುವುದಾದರೆ ಉದ್ದ 1076 ಮಿ.ಮೀ.ಗೆ ಏರುತ್ತದೆ, ವ್ಯಾಸ 32 ಮಿ.ಮೀ.ಗಿಂತ ಕೆಳಗಿಳಿಯುತ್ತದೆ. ಈ ಸೂತ್ರ ಅನುಭವದಿಂದ ಬಂದದ್ದೇ ಹೊರತು ಸಿದ್ಧಾಂತದಿಂದ ಬಂದದ್ದಲ್ಲ. ಅಲೆ ಒಮ್ಮೆ ಹೋಗಿ ಬರುವ ಹೊತ್ತನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ ಇದಕ್ಕಿಂತ ಬಹಳ ಉದ್ದದ ಪೈಪು ಬೇಕೆಂದು ತೋರುತ್ತದೆ. ಆದ್ದರಿಂದ ಉತ್ತರವನ್ನು ಆರಂಭದ ಅಳತೆಯೆಂದು ತಿಳಿಯಿರಿ. ಕೊನೆಯ ಮಾತು ಡೈನೊ (ಎಂಜಿನ್ನಿನ ಬಲ ಅಳೆಯುವ ಯಂತ್ರ) ಪರೀಕ್ಷೆಯದು.

ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಪೈಪು ಮಾರಾಟವಾಗುವುದು ಹೊರವ್ಯಾಸದ ಲೆಕ್ಕದಲ್ಲಿ. 1.6 ಮಿ.ಮೀ. ದಪ್ಪದ ಗೋಡೆಯಿದ್ದರೆ 38.1ರ ಪೈಪಿನ ಒಳವ್ಯಾಸ 34.9, ಅದರ ಮುಂದಿನ 41.3ರ ಪೈಪಿನದು 38.1. ನಿಮಗೆ ಬೇಕಾದ 36.7 ಇವೆರಡರ ನಡುವೆ ಬೀಳುತ್ತದೆ. ನೋಡಲು ಸಣ್ಣ ವ್ಯತ್ಯಾಸವೆನಿಸಿದರೂ ಅಡ್ಡಕೊಯ್ತದ ವಿಸ್ತೀರ್ಣ ಶೇ 19ರಷ್ಟು ಹೆಚ್ಚುತ್ತದೆ. ದಿನನಿತ್ಯ ರಸ್ತೆಯಲ್ಲಿ ಓಡುವ ವಾಹನಕ್ಕೆ ನಾನಾದರೆ ಚಿಕ್ಕದನ್ನೇ ಆರಿಸುತ್ತೇನೆ.

ಪ್ರಶ್ನೆ: ನಾಲ್ಕೂ ಪೈಪುಗಳ ಉದ್ದ ಕರಾರುವಾಕ್ಕಾಗಿ ಸಮನಾಗಿರಬೇಕೇ?

ಉತ್ತರ: ಇಪ್ಪತ್ತು ಮಿಲಿಮೀಟರಿನ ವ್ಯತ್ಯಾಸಕ್ಕಾಗಿ ಇನ್ನೊಂದು ಬಿಗಿಯಾದ ತಿರುವನ್ನು ಸೇರಿಸುವುದು ನಷ್ಟದ ವ್ಯಾಪಾರ. ಉದ್ದವನ್ನು ಪೈಪಿನ ನಡುರೇಖೆಯ ಮೇಲೆ ಅಳೆಯಿರಿ. ತಿರುವುಗಳಲ್ಲಿ ಕೊಳವೆ ಚಪ್ಪಟೆಯಾಗದಂತೆ ಮ್ಯಾಂಡ್ರೆಲ್ ಬೆಂಡನ್ನೇ (ಒಳಗೆ ಅಚ್ಚಿಟ್ಟು ಬಗ್ಗಿಸಿದ ತಿರುವು) ಬಳಸಿ.

ಪ್ರಶ್ನೆ: 4-1 ಮತ್ತು 4-2-1 ವಿನ್ಯಾಸಗಳಲ್ಲಿ ಯಾವುದು ಉತ್ತಮ?

ಉತ್ತರ: 4-1ರಲ್ಲಿ ನಾಲ್ಕೂ ಪೈಪುಗಳು ಒಮ್ಮೆಗೇ ಒಂದಾಗುತ್ತವೆ; 4-2-1ರಲ್ಲಿ ಮೊದಲು ಎರಡೆರಡಾಗಿ ಕೂಡಿ, ಹಾಗೆ ಬಂದ ಎರಡು ಸೆಕೆಂಡರಿ ಪೈಪುಗಳು ಮುಂದೆ ಒಂದಾಗುತ್ತವೆ. ಸಾಮಾನ್ಯವಾದ 1-3-4-2 ಫೈರಿಂಗ್ ಆರ್ಡರಿನಲ್ಲಿ (ಸಿಲಿಂಡರುಗಳು ಉರಿಯುವ ಸರದಿ) ಪ್ರತಿ 180 ಡಿಗ್ರಿಗೆ ಒಂದು ಸಿಲಿಂಡರ್ ಹೊಗೆಯುಗುಳುತ್ತದೆ. ಆದರೆ ಎಕ್ಸಾಸ್ಟ್ ವಾಲ್ವ್ ತೆರೆದಿರುವ ಅವಧಿ 240 ಡಿಗ್ರಿಗೂ ಮಿಗಿಲು. ಅಂದರೆ ಮೊದಲನೆಯ ಸಿಲಿಂಡರಿನ ವಾಲ್ವ್ ಮುಚ್ಚುವ ಮೊದಲೇ ಮೂರನೆಯದು ತೆರೆದಿರುತ್ತದೆ, ಅದರ ಒತ್ತಡ ಕಲೆಕ್ಟರಿನ ಮೂಲಕ ಮೊದಲನೆಯದರ ಪೈಪಿಗೆ ಹಿಮ್ಮುಖವಾಗಿ ನುಗ್ಗಬಹುದು. 4-2-1ರಲ್ಲಿ 1 ಮತ್ತು 4, 2 ಮತ್ತು 3 ಜೋಡಿಯಾಗುತ್ತವೆ. ಪ್ರತಿ ಜೋಡಿಯ ನಡುವೆ 360 ಡಿಗ್ರಿ ಅಂತರವಿರುವುದರಿಂದ ಈ ತೊಂದರೆ ತಗ್ಗಿ, ನಡುವಿನ ಆರ್‌ಪಿಎಂಗಳಲ್ಲಿ ಟಾರ್ಕ್ (ತಿರುಗಿಸುವ ಬಲ) ಹರವಾಗಿ ಸಿಗುತ್ತದೆ. 4-1 ತನ್ನ ಲಾಭವನ್ನು ಮೇಲಿನ ಕಿರಿದಾದ ವ್ಯಾಪ್ತಿಯಲ್ಲಿ ಕೊಡುತ್ತದೆ, ಆದ್ದರಿಂದ ಅದು ರೇಸಿಗೆ ಒಪ್ಪುವಂಥದು.

ಮೇಲಿನ ಉದಾಹರಣೆಯನ್ನೇ 4-2-1ಕ್ಕೆ ಅನ್ವಯಿಸುವುದಾದರೆ 788 ಮಿ.ಮೀ. ಎಂಬುದು ಪ್ರೈಮರಿ ಮತ್ತು ಸೆಕೆಂಡರಿ ಎರಡೂ ಸೇರಿದ ಉದ್ದ. ಅದನ್ನು ಸರಿಸುಮಾರು ಅರ್ಧಕ್ಕೆ ಹಂಚಿ, ಸೆಕೆಂಡರಿಯ ಒಳವ್ಯಾಸವನ್ನು 48 ಮಿ.ಮೀ. ಇಡಬಹುದು. ಅಲ್ಲಿಂದ ಹಿಂದಕ್ಕೆ 50 ಮಿ.ಮೀ. ಒಳವ್ಯಾಸದ ಒಂದೇ ಪೈಪು ಸಾಕು. 4-1 ಆರಿಸಿದರೆ ಪೈಪುಗಳನ್ನು ಕಲೆಕ್ಟರಿನಲ್ಲಿ 1-3-4-2ರ ಕ್ರಮದಲ್ಲೇ ಸುತ್ತ ಜೋಡಿಸಿ.

ಪ್ರಶ್ನೆ: ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಶರ್ (ಹೊಗೆಯ ಹರಿವಿಗೆ ಪೈಪು ಒಡ್ಡುವ ತಡೆ) ಬೇಕೇ ಬೇಕು ಎನ್ನುತ್ತಾರಲ್ಲ?

ಉತ್ತರ: ಬೇಕಿಲ್ಲ. ದೊಡ್ಡ ಪೈಪು ಹಾಕಿದಾಗ ಕೆಳಗಿನ ಟಾರ್ಕ್ ಕುಸಿಯುವುದು ನಿಜ, ಅದಕ್ಕೆ ಕೊಟ್ಟ ಕಾರಣ ತಪ್ಪು. ಅಗಲ ಹೆಚ್ಚಾದಾಗ ಅನಿಲದ ವೇಗ ಇಳಿಯುತ್ತದೆ, ಅಲೆಯ ತೀವ್ರತೆ ಕುಗ್ಗುತ್ತದೆ, ಹೊಗೆ ಸಿಲಿಂಡರಿಗೆ ಹಿಮ್ಮರಳಲು ಅವಕಾಶವಾಗುತ್ತದೆ. ಕಾರ್ಬ್ಯುರೇಟರ್ ಇರುವ ಎಂಜಿನ್ನಿನಲ್ಲಿ ಜೆಟ್ಟುಗಳನ್ನು (ಪೆಟ್ರೋಲನ್ನು ಅಳೆದು ಬಿಡುವ ರಂಧ್ರಗಳು) ಮರುಹೊಂದಿಸದಿದ್ದರೆ ಪೆಟ್ರೋಲಿನ ಪ್ರಮಾಣ ಗಾಳಿಗೆ ಸಾಲದಿರಬಹುದು. ಆಗಲೂ ಆರೋಪ ಬೀಳುವುದು ಪೈಪಿನ ಮೇಲೆಯೇ.

ಪ್ರಶ್ನೆ: 304 ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿಸಿದ ಹೆಡರ್ ಫ್ಲೇಂಜಿನ (ಎಂಜಿನ್ನಿಗೆ ಬೋಲ್ಟ್ ಮಾಡುವ ದಪ್ಪ ಪಟ್ಟಿ) ವೆಲ್ಡಿಂಗ್ ಬಳಿ ಪದೇ ಪದೇ ಬಿರುಕು ಬಿಡುತ್ತಿದೆ. ಉಕ್ಕು ಕಳಪೆಯೇ?

ಉತ್ತರ: ಬಹುಶಃ ಅಲ್ಲ. 800 ಮಿ.ಮೀ. ಉದ್ದದ 304 ಪೈಪಿನ ಉಷ್ಣತೆ 600 ಡಿಗ್ರಿಯಷ್ಟು ಏರಿದರೆ ಅದು ಸುಮಾರು 8 ಮಿ.ಮೀ. ಹಿಗ್ಗುತ್ತದೆ, ಮೈಲ್ಡ್ ಸ್ಟೀಲ್ ಹಿಗ್ಗುವುದು 6ರ ಆಸುಪಾಸು. ನಾಲ್ಕು ಪೈಪುಗಳು ಒಂದೇ ಪ್ರಮಾಣದಲ್ಲಿ ಹಿಗ್ಗದಿದ್ದಾಗ, ಎರಡೂ ತುದಿಗಳನ್ನು ಅಲುಗದಂತೆ ಬಿಗಿದಿದ್ದರೆ, ಎಳೆತವೆಲ್ಲ ವೆಲ್ಡಿಂಗಿನ ಅಂಚಿಗೆ ಬೀಳುತ್ತದೆ. ಪೈಪುಗಳು ಕಲೆಕ್ಟರಿಗೆ ಸೇರುವಲ್ಲಿ ಸ್ಪ್ರಿಂಗ್ ಹಿಡಿತದ ಸ್ಲಿಪ್ ಜಾಯಿಂಟ್ (ಒಂದರೊಳಗೊಂದು ಜಾರುವ ಕೂಡಿಕೆ) ಇಡಿಸಿ. ಕಲೆಕ್ಟರಿನ ಆಧಾರದ ಪಟ್ಟಿಯನ್ನು ವಾಹನದ ಬಾಡಿಗಲ್ಲದೆ ಎಂಜಿನ್ ಅಥವಾ ಗೇರ್‌ಬಾಕ್ಸಿಗೆ ಕಟ್ಟಿಸಿ, ಅದರಾಚೆಗೊಂದು ಬಾಗುವ ಬೆಲ್ಲೋಸ್ (ಸುಕ್ಕುಸುಕ್ಕಾದ ಕೊಳವೆ) ಹಾಕಿಸಿ. ವೆಲ್ಡಿಂಗ್ ವೇಳೆ ಪೈಪಿನೊಳಗೆ ಆರ್ಗಾನ್ ಹರಿಸಿದ್ದರೇ ಎಂದು ವೆಲ್ಡರನ್ನು ಕೇಳಿ. ಹರಿಸದಿದ್ದಲ್ಲಿ ಒಳಬದಿ ಸುಟ್ಟು ಸಕ್ಕರೆಯಂತೆ ಹರಳುಗಟ್ಟುತ್ತದೆ, ಬಿರುಕು ಮೊದಲು ಮೂಡುವುದು ಅಲ್ಲೇ. ಆಕ್ಸಿಜನ್ ಸೆನ್ಸರ್ ಇರುವ ಎಂಜಿನ್ನಾದರೆ ದುರಸ್ತಿಯನ್ನು ಮುಂದೂಡಬೇಡಿ: ಬಿರುಕಿನ ಮೂಲಕ ಹೊರಗಿನ ಗಾಳಿ ಒಳಸೇರಿ ಸೆನ್ಸರ್ ತಪ್ಪು ಅಂದಾಜು ಕೊಡುತ್ತದೆ, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಅದನ್ನು ನಂಬಿ ಅನಗತ್ಯವಾಗಿ ಪೆಟ್ರೋಲ್ ಸುರಿಯುತ್ತದೆ.