ಸ್ಕ್ವಾಟ್‌ನಲ್ಲಿ ಮುಗ್ಗರಿಸುತ್ತಿದ್ದರೆ ಬ್ಯಾಲೆನ್ಸ್ ವ್ಯಾಯಾಮ ಬೇಡ, ಮಂಡಿಯನ್ನು ಮುಂದಕ್ಕೆ ಬಿಡಿ

ಹೆಗಲ ಮೇಲೆ ಬಾರ್ (ತೂಕದ ಪ್ಲೇಟ್ ಹಾಕುವ ಕಬ್ಬಿಣದ ಸರಳು) ಹೊತ್ತು ಕುಳಿತು ಏಳುವ ಸ್ಕ್ವಾಟ್‌ನಲ್ಲಿ ಕೆಳಗಿಳಿಯುವಾಗ ಹಿಂದಕ್ಕೆ ಬೀಳುವ ಭಯ, ಮೇಲೇಳುವಾಗ ಹಿಮ್ಮಡಿ ಎದ್ದು ಭಾರವೆಲ್ಲ ಬೆರಳಿನ ಮೇಲೆ. ಬ್ಯಾಲೆನ್ಸ್ ಬರಲು ಏನು ವ್ಯಾಯಾಮ ಮಾಡಲಿ, ಅಲ್ಲಿಯವರೆಗೆ ಸ್ಮಿತ್ ಮೆಷಿನ್‌ಗೆ (ಬಾರ್ ಕಂಬಿಗಳಲ್ಲಿ ಮೇಲೆ ಕೆಳಗೆ ಮಾತ್ರ ಜಾರುವ ಯಂತ್ರ) ಹೋಗಲೇ ಎಂದು ಕೇಳಿದ್ದೀರಿ. ನಾನೂ ಇಲ್ಲೇ ತುಂಬ ಕಾಲ ಸಿಕ್ಕಿಹಾಕಿಕೊಂಡಿದ್ದೆ.

ಮೊದಲು ಒಂದು ಮಾತು. ನಿಮ್ಮ ಬ್ಯಾಲೆನ್ಸ್‌ಗೆ ಏನೂ ಆಗಿಲ್ಲ. ಒಂದು ಕಾಲಿನಲ್ಲಿ ನಿಂತು ಪ್ಯಾಂಟ್ ಹಾಕಿಕೊಳ್ಳುತ್ತೀರಿ ಅಲ್ವಾ? ಸ್ಕ್ವಾಟ್‌ಗೆ ಅಷ್ಟು ಬ್ಯಾಲೆನ್ಸ್ ಧಾರಾಳವಾಗಿ ಸಾಕು. ನೋಡಬೇಕಾದದ್ದು ಬಾರ್ ನಿಮ್ಮ ಪಾದದ ಯಾವ ಭಾಗದ ಮೇಲಿದೆ ಎಂಬುದನ್ನು.

ನಾನು ಜಿಮ್ ಸೇರಿದಾಗ ಟ್ರೇನರ್ ಹೇಳಿಕೊಟ್ಟ ಮೊದಲ ಪಾಠ: "ಮಂಡಿ ಕಾಲ್ಬೆರಳು ದಾಟಬಾರದು, ದಾಟಿದರೆ ಮಂಡಿ ಹಾಳಾಗುತ್ತೆ." ಈ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಪ್ರತಿ ಸಲ ಇಳಿಯುವಾಗಲೂ ಕಣ್ಣು ಕೆಳಗೆ, ಮಂಡಿ ದಾಟಿತೇ ಎಂದು ನೋಡಲು. ಮಂಡಿಯಿಂದ ಕೆಳಗಿನ ಕಾಲು ನೆಟ್ಟಗೇ ಇರಬೇಕು ಎಂದು ಹಟ ಹಿಡಿದು, ಸೊಂಟವನ್ನು ಮಾತ್ರ ಹಿಂದಕ್ಕೆ, ಇನ್ನೂ ಹಿಂದಕ್ಕೆ ತಳ್ಳುತ್ತಿದ್ದೆ.

ಹಾಗೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಎರಡೂ ತೊಂದರೆಗಳ ಮೂಲ ಇಲ್ಲಿದೆ ಅಂತ ನನಗೆ ಅನಿಸುತ್ತದೆ. ನಿಮ್ಮ ಮೈತೂಕ, ಬಾರ್ ತೂಕ ಎರಡೂ ಸೇರಿದ ಒಟ್ಟು ಭಾರ ಪಾದದ ನಡುಭಾಗದ ಮೇಲೆ, ಅಂದರೆ ಶೂ ಲೇಸ್ ಕಟ್ಟುವ ಜಾಗದ ಮೇಲೆ ಇರಬೇಕು. ಮಂಡಿ ಮುಂದೆ ಹೋಗದೆ ಸೊಂಟ ಹಿಂದೆ ಹೋದರೆ ಭಾರವೂ ಹಿಂದೆ ಹೋಗುತ್ತದೆ. ಬೀಳದಿರಲು ದೇಹಕ್ಕೆ ಉಳಿದಿರುವುದು ಒಂದೇ ದಾರಿ, ಎದೆಯನ್ನು ಮುಂದಕ್ಕೆ ಬಗ್ಗಿಸುವುದು. ಬಾರ್ ಇಲ್ಲದಾಗ ಕೈಗಳನ್ನು ಮುಂದೆ ಚಾಚಿ ಸರಿದೂಗಿಸಬಹುದು. ಬಾರ್ ಹೊತ್ತಾಗ ಕೈಗಳು ಬಾರ್‌ಗೇ ಅಂಟಿಕೊಂಡಿರುತ್ತವೆ. ಹಾಗಾಗಿ ಬೆನ್ನು ಬಗ್ಗುತ್ತದೆ, ಬಗ್ಗಿದ್ದು ಜಾಸ್ತಿಯಾಗುತ್ತದೆ, ಬಾರ್ ಪಾದದ ನಡುವಿನಿಂದ ಬೆರಳಿನ ಕಡೆಗೆ ಸರಿಯುತ್ತದೆ. ಇಳಿಯುವಾಗ ಹಿಂದಕ್ಕೆ ಬೀಳುವ ಭಯ, ಏಳುವಾಗ ಮುಂದಕ್ಕೆ ಮುಗ್ಗರಿಸುವುದು ಎರಡು ಬೇರೆ ಬೇರೆ ತೊಂದರೆಗಳಲ್ಲ. ಮೊದಲನೆಯದನ್ನು ತಪ್ಪಿಸಲು ಹೋಗಿ ಎರಡನೆಯದು ಬರುತ್ತದೆ.

ಇನ್ನೊಂದು ವಿಷಯ ನನಗೆ ಆಗ ಗೊತ್ತಿರಲಿಲ್ಲ. 20 ಕೆ.ಜಿ.ಯ ಖಾಲಿ ಬಾರ್ ಇದ್ದಾಗ ಒಟ್ಟು ಭಾರದಲ್ಲಿ ನಿಮ್ಮ ಮೈತೂಕದ ಪಾಲೇ ದೊಡ್ಡದು, ಅದಕ್ಕೇ ಹಿಂದಕ್ಕೆ ಎಳೆದ ಹಾಗಾಗುತ್ತದೆ. ಪ್ಲೇಟ್ ಹಾಕುತ್ತಾ ಹೋದ ಹಾಗೆ ಬಾರ್‌ನ ಪಾಲು ಹೆಚ್ಚುತ್ತದೆ. ಆಗ ಬಾರ್ ಎತ್ತ ಸರಿಯುತ್ತದೋ ನೀವೂ ಅತ್ತ. ತೂಕ ಏರಿದ ಹಾಗೆ ನನ್ನ ಸ್ಕ್ವಾಟ್ ಕೆಡುತ್ತಾ ಹೋದದ್ದು ಇದರಿಂದ. ನಾನು ಕಾಲಿನ ಶಕ್ತಿ ಸಾಲದು ಎಂದುಕೊಂಡು ಲೆಗ್ ಪ್ರೆಸ್ (ಯಂತ್ರದಲ್ಲಿ ಕುಳಿತು ಕಾಲಿನಿಂದ ತೂಕ ತಳ್ಳುವುದು) ಜಾಸ್ತಿ ಮಾಡಿದೆ.

ಕೊನೆಗೆ ಒಂದು ದಿನ ಏಳುವ ಮಧ್ಯದಲ್ಲಿ ಸೊಂಟ ಮೇಲೆದ್ದಿತು, ಎದೆ ಏಳಲಿಲ್ಲ. ಗುಡ್ ಮಾರ್ನಿಂಗ್ ಎಂಬ ಬೇರೆಯೇ ವ್ಯಾಯಾಮವಿದೆ, ಸೊಂಟದಿಂದ ಬಗ್ಗಿ ಬೆನ್ನಿನಿಂದ ಎತ್ತುವುದು. ಸ್ಕ್ವಾಟ್‌ನ ತೂಕದಲ್ಲಿ ನಾನು ಅದನ್ನೇ ಮಾಡಿದ್ದೆ. ನಡು ಹಿಡಿದುಕೊಂಡಿತು. ವಾರಗಟ್ಟಲೆ ಬಗ್ಗಿ ಶೂ ಹಾಕಿಕೊಳ್ಳಲು ಆಗಲಿಲ್ಲ. ವಾಸಿಯಾದ ಮೇಲೂ ತೂಕ ಇಳಿಸಿ ಅದೇ ರೀತಿ ಮಾಡುತ್ತಿದ್ದೆ. ಒಬ್ಬ ಫಿಸಿಯೋಥೆರಪಿಸ್ಟ್ ಪಕ್ಕದಿಂದ ವಿಡಿಯೋ ತೆಗೆದು ತೋರಿಸಿ "ಮಂಡಿಯನ್ನು ಯಾಕೆ ಹಿಂದಕ್ಕೆ ಹಿಡಿದುಕೊಳ್ತಿದ್ದೀರಿ?" ಎಂದು ಕೇಳಿದಾಗಲೇ ನನಗೆ ಅರ್ಥವಾದದ್ದು.

ಇದು ಬರೀ ನನ್ನ ಅನುಭವ ಅಲ್ಲ. 2003ರಲ್ಲಿ ವ್ಯಾಯಾಮ ವಿಜ್ಞಾನದ ಸಂಶೋಧಕ ಆ್ಯಂಡ್ರೂ ಫ್ರೈ ಮತ್ತು ಜೊತೆಗಾರರು ಮಂಡಿಯ ಮುಂದೆ ಹಲಗೆ ಅಡ್ಡ ಇಟ್ಟು ಸ್ಕ್ವಾಟ್ ಮಾಡಿಸಿ ಅಳೆದರು. ಮಂಡಿಯನ್ನು ತಡೆದಾಗ ಅದರ ಮೇಲಿನ ತಿರುಗುಬಲ (ಟಾರ್ಕ್) ಸುಮಾರು 150 ನ್ಯೂಟನ್ ಮೀಟರ್‌ನಿಂದ 117ಕ್ಕೆ ಇಳಿಯಿತು. ಆದರೆ ಸೊಂಟದ ಕೀಲಿನ ಮೇಲಿನದು ಸುಮಾರು 28ರಿಂದ 303ಕ್ಕೆ ಏರಿತು. ಮಂಡಿಗೆ ಸಿಕ್ಕ ಲಾಭ ಸಣ್ಣದು, ಅದಕ್ಕೆ ಸೊಂಟ, ಬೆನ್ನು ಕೊಟ್ಟ ಬೆಲೆ ಬಹಳ ದೊಡ್ಡದು. ಸುಮ್ನೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ, ಮಂಡಿ ಬೆರಳು ದಾಟಿಯೇ ಇರುತ್ತದೆ. ಈಗಾಗಲೇ ಮಂಡಿನೋವು ಇದ್ದವರು ಎಷ್ಟು ಆಳ, ಎಷ್ಟು ಮುಂದೆ ಎಂಬುದನ್ನು ತೋರಿಸಿಕೊಂಡೇ ನಿರ್ಧರಿಸಬೇಕು. ಉಳಿದವರಿಗೆ ಆ ನಿಯಮ ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಜಾಸ್ತಿ ಮಾಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಏನು ಮಾಡಬೇಕು? ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಈ ಮೂರೂ ನೆಲಕ್ಕೆ ಒತ್ತಿರಲಿ. "ಹಿಮ್ಮಡಿ ಮೇಲೆ ಕೂತ್ಕೋ" ಎಂದು ಯಾರು ಹೇಳಿದರೂ ಕೇಳಬೇಡಿ, ಅದು ನಿಮ್ಮನ್ನು ಮತ್ತೆ ಹಿಂದಕ್ಕೆ ಎಳೆಯುತ್ತದೆ. ಸೊಂಟ, ಮಂಡಿ ಎರಡನ್ನೂ ಒಟ್ಟಿಗೆ ಮಡಿಸಿ ಕೆಳಗೆ ಇಳಿಯಿರಿ. ಬೆರಳು ತೋರುವ ದಿಕ್ಕಿಗೇ ಮಂಡಿ ಹೋಗಲಿ, ಒಳಕ್ಕೆ ಬೀಳದಿರಲಿ.

ಹೀಗೆ ಮಾಡಿದರೂ ಹಿಮ್ಮಡಿ ಎದ್ದರೆ ಪಾದದ ಕೀಲು ಬಿಗಿಯಾಗಿರಬಹುದು. ಗೋಡೆಗೆ ಮುಖ ಮಾಡಿ, ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ ನೋಡಿ. ತಾಗದಿದ್ದರೆ ಕೀಲಿನ ಮೇಲೆ ಕೆಲಸ ಮಾಡಬೇಕು. ಮೀನಖಂಡವನ್ನು ಮಂಡಿ ಮಡಿಸಿಯೇ ಹಿಗ್ಗಿಸಿ, ಕಾಲು ನೆಟ್ಟಗಿಟ್ಟು ಮಾಡುವುದರಿಂದ ಸ್ಕ್ವಾಟ್‌ಗೆ ಅಷ್ಟು ಉಪಯೋಗವಿಲ್ಲ. ಖಾಲಿ ಬಾರ್‌ನಲ್ಲಿ ಹಿಮ್ಮಡಿಯ ಕೆಳಗೆ 2.5 ಕೆ.ಜಿ. ಪ್ಲೇಟ್ ಇಟ್ಟು ಮಾಡಿ ನೋಡಿದರೂ ತಿಳಿಯುತ್ತದೆ. ತಕ್ಷಣ ಎದೆ ನೆಟ್ಟಗಾದರೆ ತೊಂದರೆ ಕೀಲಿನದು. ಆಗ ಹಿಮ್ಮಡಿ ಎತ್ತರವಿರುವ ಲಿಫ್ಟಿಂಗ್ ಶೂ ಕೊಳ್ಳಿ, ಸಾಮಾನ್ಯವಾಗಿ 2 ಸೆಂ.ಮೀ.ಗೆ ಹತ್ತಿರ ಇರುತ್ತದೆ. ಭಾರ ಹೊತ್ತು ಸಡಿಲ ಪ್ಲೇಟ್ ಮೇಲೆ ನಿಲ್ಲಬೇಡಿ, ಜಾರುತ್ತದೆ. ಮೆತ್ತನೆಯ ಓಟದ ಶೂ ಹಾಕಿಕೊಂಡು ಸ್ಕ್ವಾಟ್ ಮಾಡುತ್ತಿದ್ದರೆ ಇವತ್ತೇ ಬಿಡಿ.

ತೊಡೆ ಉದ್ದ ಇರುವವರು ಎಷ್ಟೇ ಚೆನ್ನಾಗಿ ಮಾಡಿದರೂ ಸ್ವಲ್ಪ ಬಗ್ಗುತ್ತಾರೆ. ಬಾರನ್ನು ಹೆಗಲ ಮೂಳೆಯ ಹತ್ತಿರ ಕೆಳಗೆ ಇಟ್ಟುಕೊಂಡರೂ ಬಗ್ಗುವುದು ಜಾಸ್ತಿಯೇ. ಅದು ದೋಷವಲ್ಲ. ಬಾರ್ ಪಾದದ ನಡುವಿನ ಮೇಲೆ ಇರುವವರೆಗೆ, ಬೆನ್ನು ಗೂನಾಗದಿರುವವರೆಗೆ ಎಷ್ಟು ಬಗ್ಗಿದ್ದೀರಿ ಎಂದು ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ ಸದ್ಯಕ್ಕೆ ಕತ್ತಿನ ಬುಡದ ಮಾಂಸದ ಮೇಲೆ ಬಾರ್ ಇಡುವುದೇ ಸುಲಭ. ಮೂಳೆ ಮೇಲಲ್ಲ, ಮಾಂಸದ ಮೇಲೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ತಡೆದು ನಿಲ್ಲುವ ಸ್ಕ್ವಾಟ್. ಉಸಿರು ಎಳೆದು ಹೊಟ್ಟೆ ಬಿಗಿಹಿಡಿದು, 3 ಸೆಕೆಂಡ್‌ನಲ್ಲಿ ಇಳಿದು, ಕೆಳಗೆ 2 ಸೆಕೆಂಡ್ ನಿಂತು ಏಳುವುದು. ವೇಗವಾಗಿ ಮಾಡಿದಾಗ ಬಾರ್ ಸರಿದದ್ದು ತಿಳಿಯುವುದೇ ಇಲ್ಲ. ಕೆಳಗೆ ನಿಂತಾಗ ಪಾದದಲ್ಲಿ ಭಾರ ಎಲ್ಲಿದೆ ಎಂದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಅದು ಬೆರಳಿಗೆ ಹೋಗಿದ್ದರೆ ಅಲ್ಲೇ ಸರಿಮಾಡಿಕೊಂಡು ಏಳಿ. ಎದೆಯ ಮುಂದೆ ಒಂದು ಡಂಬೆಲ್ ಹಿಡಿದು ಮಾಡುವ ಗಾಬ್ಲೆಟ್ ಸ್ಕ್ವಾಟ್ ಅನ್ನು ವಾರ್ಮ್‌ಅಪ್‌ನಲ್ಲಿ ಸೇರಿಸಿ, ಎದೆಯ ಮುಂದಿರುವ ಆ ತೂಕದಿಂದ ಹಿಂದಕ್ಕೆ ಬೀಳುವ ಭಯ ಹೋಗುತ್ತದೆ.

ವಿಡಿಯೋ ಪಕ್ಕದಿಂದ ತೆಗೆಯಿರಿ, ಸೊಂಟದ ಎತ್ತರದಿಂದ. ಕನ್ನಡಿ ಎದುರಿನಿಂದ ತೋರಿಸುವುದರಲ್ಲಿ ಈ ತಪ್ಪು ಕಾಣುವುದಿಲ್ಲ. ಬಾರ್‌ನ ತುದಿಯಿಂದ ಕೆಳಕ್ಕೆ ಒಂದು ಗೆರೆ ಊಹಿಸಿಕೊಳ್ಳಿ, ಅದು ಲೇಸ್ ಮೇಲೆ ಬಿದ್ದರೆ ಸರಿ.

ಸ್ಮಿತ್ ಮೆಷಿನ್ ಬೇಡ. ಅಲ್ಲಿ ಬಾರ್ ಕಂಬಿಗೆ ಸಿಕ್ಕಿಕೊಂಡಿರುತ್ತದೆ, ಮುಂದೆ ಹಿಂದೆ ಸರಿಯುವುದೇ ಇಲ್ಲ. ನೀವು ಕಲಿಯಬೇಕಾದದ್ದನ್ನು ಮೆಷಿನ್ನೇ ಮಾಡಿಬಿಡುತ್ತದೆ. ಬೋಸು ಬಾಲ್ (ಮೇಲೆ ನಿಲ್ಲುವ ಅರ್ಧ ಚೆಂಡು) ಕೂಡ ಬೇಡ, ಅಲುಗಾಡುವ ನೆಲದ ಮೇಲೆ ನಿಂತರೆ ಗಟ್ಟಿ ನೆಲದ ಸ್ಕ್ವಾಟ್ ಬರುವುದಿಲ್ಲ. ಬಾರ್ ಇಡುವ ಚೌಕಟ್ಟಾದ ರ್‍ಯಾಕ್‌ನಲ್ಲೇ ಮಾಡಿ, ಬಾರ್ ಬಿದ್ದರೆ ತಡೆಯುವ ಅದರ ಅಡ್ಡ ಸರಳುಗಳನ್ನು (ಸೇಫ್ಟಿ ಪಿನ್) ನಿಮ್ಮ ಕೆಳಗಿನ ಹಂತಕ್ಕಿಂತ ಚೂರು ಕೆಳಗೆ ಇಟ್ಟುಕೊಳ್ಳಿ. ಬೀಳುವ ಭಯ ಹೋದರೆ ಮಂಡಿ ತಾನಾಗೇ ಮುಂದೆ ಬರುತ್ತದೆ. ಈಗ ಎತ್ತುತ್ತಿರುವ ತೂಕದ ಅರ್ಧಕ್ಕೆ ಇಳಿಯಿರಿ. ಹಿಮ್ಮಡಿ ಒಮ್ಮೆಯೂ ಏಳದೆ ಎಲ್ಲ ಸೆಟ್ ಮುಗಿದ ಮೇಲೆ 2.5 ಕೆ.ಜಿ. ಸೇರಿಸಿ. ಎದ್ದರೆ ಆ ತೂಕದಲ್ಲೇ ಇನ್ನೊಂದು ವಾರ ಇರಿ.