ಜೇಸನ್‌ನಲ್ಲಿ ‘ನಲ್’ ಫೀಲ್ಡ್‌ಗಳನ್ನು ಕೈಬಿಡಬಹುದೇ?

ಪ್ರಶ್ನೆ: ಜಾವಾದಲ್ಲಿ ಬರೆದ ನಮ್ಮ ಸರ್ವರ್, ಗ್ರಾಹಕರ ವಿವರಗಳನ್ನು ಜ್ಯಾಕ್ಸನ್ ಲೈಬ್ರರಿಯ ಮೂಲಕ ಜೇಸನ್ (JSON, ಮಾಹಿತಿ ವಿನಿಮಯದ ಪಠ್ಯ ಸ್ವರೂಪ) ರೂಪಕ್ಕೆ ತಂದು ಮೊಬೈಲ್ ಆ್ಯಪ್‌ಗೆ ಕಳುಹಿಸುತ್ತದೆ. ಭರ್ತಿಯಾಗದ ಫೀಲ್ಡ್‌ಗಳೆಲ್ಲ ‘ನಲ್’ (ಮೌಲ್ಯವಿಲ್ಲ) ಎಂದೇ ಹೋಗುತ್ತಿವೆ. ಅವನ್ನು ಬಿಟ್ಟು ಕಳುಹಿಸುವುದು ಹೇಗೆ? ಬಿಟ್ಟರೆ ತೊಂದರೆಯಾದೀತೇ?

ಉತ್ತರ: ಕ್ಲಾಸ್‌ನ ಮೇಲೆ ‘ಜೇಸನ್‌ಇನ್‌ಕ್ಲೂಡ್’ ಅನೋಟೇಶನ್ (ಕೋಡ್‌ಗೆ ಅಂಟಿಸುವ ಸೂಚನೆ) ಹಾಕಿ ‘ನಾನ್_ನಲ್’ ಆಯ್ಕೆಯನ್ನು ಕೊಟ್ಟರೆ ಆ ಫೀಲ್ಡ್‌ಗಳು ಹೊರಹೋಗುವ ಜೇಸನ್‌ನಲ್ಲಿ ಕಾಣಿಸುವುದಿಲ್ಲ. ಇಡೀ ಪ್ರಾಜೆಕ್ಟ್‌ಗೆ ಇದೇ ನಿಯಮ ಬೇಕಿದ್ದರೆ ಜೇಸನ್ ಪರಿವರ್ತನೆ ಮಾಡುವ ಜ್ಯಾಕ್ಸನ್‌ನ ಆಬ್ಜೆಕ್ಟ್‌ಮ್ಯಾಪರ್‌ನಲ್ಲಿ ಒಮ್ಮೆ ಹೊಂದಿಸಿದರೆ ಸಾಕು. ಪಕ್ಕದಲ್ಲೇ ಇರುವ ‘ನಾನ್_ಎಂಪ್ಟಿ’ಯನ್ನು ಮಾತ್ರ ಯೋಚಿಸದೆ ಆರಿಸಬೇಡಿ, ಅದು ಖಾಲಿ ಸ್ಟ್ರಿಂಗ್ ಮತ್ತು ಖಾಲಿ ಪಟ್ಟಿಗಳನ್ನೂ ಕೈಬಿಡುವುದರಿಂದ, ಆರ್ಡರ್‌ಗಳ ಪಟ್ಟಿ ಖಾಲಿಯಾದರೂ ಬಂದೇ ಬರುತ್ತದೆಂದು ನಂಬಿ ಲೂಪ್ ಬರೆದ ಆ್ಯಪ್ ಅಲ್ಲಿ ಮುಗ್ಗರಿಸುತ್ತದೆ. ಜ್ಯಾಕ್ಸನ್‌ನಂಥದ್ದೇ ಇನ್ನೊಂದು ಜಾವಾ ಲೈಬ್ರರಿಯಾದ ಜೀಸನ್ (Gson) ಏನೂ ಹೇಳದಿದ್ದರೂ ನಲ್ ಫೀಲ್ಡ್‌ಗಳನ್ನು ಬಿಡುತ್ತದೆ. ಸಿ ಶಾರ್ಪ್ ಭಾಷೆ ಬಳಸುವವರಿಗೆ ಇದೇ ಕೆಲಸಕ್ಕೆ 2020ರ ಡಾಟ್‌ನೆಟ್ 5ರಿಂದ ‘ವೆನ್‌ರೈಟಿಂಗ್‌ನಲ್’ ಆಯ್ಕೆಯಿದೆ.

ಗಾತ್ರ ಉಳಿಸುವುದಷ್ಟೇ ಉದ್ದೇಶವಾಗಿದ್ದರೆ ಇದರಿಂದ ದೊಡ್ಡ ಲಾಭವೇನೂ ಆಗಲಾರದು, ಏಕೆಂದರೆ ಮರುಕಳಿಸುವ ಪಠ್ಯವನ್ನು ಜಿಜಿಪ್ (gzip) ಎಂಬ ಸಂಕುಚನ ವಿಧಾನ ಹೇಗೂ ಚೆನ್ನಾಗಿ ಕುಗ್ಗಿಸುತ್ತದೆ.

ನಿಜವಾದ ತೊಂದರೆ ಇರುವುದು ಮಾಹಿತಿಯನ್ನು ತಿದ್ದುವ ಪ್ಯಾಚ್ ಕೋರಿಕೆಗಳಲ್ಲಿ. ಇಂಥ ಕೋರಿಕೆಗಳ ‘ಜೇಸನ್ ಮರ್ಜ್ ಪ್ಯಾಚ್’ ರೂಪವನ್ನು ವಿವರಿಸುವ, 2014ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 7396 ಎಂಬ ಇಂಟರ್ನೆಟ್ ಮಾನದಂಡದ ಪ್ರಕಾರ, ಕೋರಿಕೆಯಲ್ಲಿ ಒಂದು ಫೀಲ್ಡ್ ನಲ್ ಆಗಿದ್ದರೆ ಅದನ್ನು ಅಳಿಸಬೇಕು, ಫೀಲ್ಡ್ ಇಲ್ಲವೇ ಇಲ್ಲದಿದ್ದರೆ ಹಳೆಯ ಮೌಲ್ಯವನ್ನು ಮುಟ್ಟಬಾರದು. ಗ್ರಾಹಕರೊಬ್ಬರು ತಮ್ಮ ಎರಡನೇ ಮೊಬೈಲ್ ಸಂಖ್ಯೆಯನ್ನು ತೆಗೆಸಲು ಬಯಸಿದರು ಎನ್ನಿ; ಕೋರಿಕೆ ಕಳುಹಿಸುವ ಕಡೆಯೇ ನಲ್‌ಗಳನ್ನು ಸೋಸಿಬಿಟ್ಟರೆ ಆ ಸಂಖ್ಯೆಯ ಸುದ್ದಿಯೇ ಸರ್ವರ್‌ಗೆ ತಲುಪುವುದಿಲ್ಲ, ಹಳೆಯ ಸಂಖ್ಯೆ ಹಾಗೆಯೇ ಉಳಿಯುತ್ತದೆ, ಯಾವ ದೋಷ ಸಂದೇಶವೂ ಬರುವುದಿಲ್ಲ. ಕೋರಿಕೆಯನ್ನು ಓದುವಾಗಲೂ ಎಚ್ಚರ ಬೇಕು: ಸಾಮಾನ್ಯ ಜಾವಾ ಕ್ಲಾಸ್‌ಗೆ ತುಂಬಿಸಿಕೊಂಡರೆ ಈ ಎರಡೂ ಸಂದರ್ಭಗಳಲ್ಲಿ ಕೈಗೆ ಸಿಗುವುದು ನಲ್ ಒಂದೇ. ಆದ್ದರಿಂದ ಅಲ್ಲಿ ಜೇಸನ್‌ನೋಡ್ (ಬಂದ ಜೇಸನ್ ಅನ್ನು ಇದ್ದಂತೆಯೇ ಹಿಡಿದಿಡುವ ಜ್ಯಾಕ್ಸನ್‌ನ ಕ್ಲಾಸ್) ಆಗಿ ಓದಿ, ಫೀಲ್ಡ್ ಇದೆಯೇ ಎಂಬುದನ್ನು ಮೊದಲು ಪರೀಕ್ಷಿಸಿ.

ಹೀಗಾಗಿ ನಿಮ್ಮ ಸಂದರ್ಭದಲ್ಲಿ ಮ್ಯಾಪರ್ ಅನ್ನು ಮುಟ್ಟದೆ, ಆ್ಯಪ್‌ಗೆ ಉತ್ತರವಾಗಿ ಹೋಗುವ ಕ್ಲಾಸ್‌ಗಳಿಗೆ ಮಾತ್ರ ‘ನಾನ್_ನಲ್’ ಹಾಕುವುದು ಮೇಲು. ಅವುಗಳಲ್ಲೂ ಯಾವುದಾದರೂ ಫೀಲ್ಡ್ ನಲ್ ಆಗಿದ್ದರೂ ಹೋಗಲೇಬೇಕೆಂದಿದ್ದರೆ, ಆ ಫೀಲ್ಡ್‌ನ ಮೇಲೆ ಅದೇ ಅನೋಟೇಶನ್ ಅನ್ನು ‘ಆಲ್ವೇಸ್’ ಆಯ್ಕೆಯೊಂದಿಗೆ ಬರೆಯಿರಿ. ಕ್ಲಾಸ್‌ನ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ.